ನಾಲ್ಕು ತೂತು ಸರಿಯಾದರೆ ಕಾರ್ಬನ್ ಸರಿ: ಕನ್ನಡ ಮಾಧ್ಯಮ ಹೈಸ್ಕೂಲಿಗೆ ಅಣುಮಾದರಿ ಮಾಡುವುದು ಹೇಗೆ?

ಮಂಜೇಶ್ವರ ಟೀಚರ್

ಹತ್ತನೇ ತರಗತಿ, 36 ಮಕ್ಕಳು. ಸಾವಯವ ಸಂಯುಕ್ತಗಳ ನಾಮಕರಣ ಮತ್ತು ಐಸೋಮರ್ (ಅವೇ ಪರಮಾಣುಗಳು, ಬೇರೆ ಜೋಡಣೆ) ಪಾಠಕ್ಕೆ ಪ್ರತಿ ಗುಂಪಿನ ಕೈಗೂ ಒಂದು ಸೆಟ್ ಅಣುಮಾದರಿ ಕೊಡಬೇಕೆಂದುಂಟು. ಲ್ಯಾಬಿನಲ್ಲಿರುವುದು ಒಂದೇ ಪ್ಲಾಸ್ಟಿಕ್ ಸೆಟ್. ಎದುರಿಗೆ ಹಿಡಿದು ತೋರಿಸಲು ಸಾಕು, ಮಕ್ಕಳು ಬಿಚ್ಚಿ ಜೋಡಿಸಲು ಸಾಲದು.

ಮೈದಾ, ಉಪ್ಪು, ನೀರು ಕಲಸಿ ಉಂಡೆ ಕಟ್ಟಿ ಟೂತ್‌ಪಿಕ್ ಚುಚ್ಚಿದರೆ ಮೂರು ತೊಂದರೆ. ಕಡ್ಡಿ ಕಣ್ಣಂದಾಜಿನಲ್ಲಿ ಚುಚ್ಚುವುದರಿಂದ ಎರಡು ಮೀಥೇನ್ (ಒಂದು ಕಾರ್ಬನ್, ನಾಲ್ಕು ಹೈಡ್ರೋಜನ್) ಒಂದೇ ರೀತಿ ಕಾಣುವುದಿಲ್ಲ. ಎರಡು ಸಲ ಬಿಚ್ಚಿದ ಮೇಲೆ ತೂತು ಸಡಿಲ. ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಉಂಡೆ ನೀರೊಡೆದು ಅಂಟಂಟು. ಖರ್ಚು ಕಡಿಮೆ ಇದ್ದು ಎರಡು ಮೂರು ವರ್ಷ ಬಾಳುವ ದಾರಿ ಬೇಕು.

ಬದಿಯಡ್ಕ ಮಾಷ್ಟ್ರು

ಟೀಚರ್, ಮೂರನೆಯ ತೊಂದರೆಗೆ ಕಾರಣ ಉಪ್ಪು. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮ ಮಳೆಗಾಲಕ್ಕೆ ಹೇಳಿದ್ದಲ್ಲ. ಉಪ್ಪು ಬಿಟ್ಟರೆ ಬೂಷ್ಟು ಬರುತ್ತದೆ. ಹಾಗಾಗಿ ಹಿಟ್ಟನ್ನೇ ಬಿಡಿ.

ಆವೆಮಣ್ಣು ಸುಲಭವಾಗಿ ಸಿಗುತ್ತದೆ, ಆದರೆ ಭಾರ. ಮೂರು ಸೆಂಟಿಮೀಟರ್ ವ್ಯಾಸದ ಮಣ್ಣಿನ ಉಂಡೆ ಐದು ಸೇರಿದರೆ ಸರಪಳಿ ನಡುವಿನಲ್ಲಿ ಬಾಗುತ್ತದೆ, ಕೆಳಗೆ ಬಿದ್ದರೆ ಒಡೆಯುತ್ತದೆ.

ಒಳ್ಳೆಯದು ನಮ್ಮ ಅಜ್ಜಿಯಂದಿರು ಬುಟ್ಟಿ ಮೆತ್ತುತ್ತಿದ್ದ ಕಾಗದ–ಮೆಂತೆಯ ಹದ. ಕಾಲು ಕಿಲೋ ಹಳೆ ಪೇಪರ್ ಚಿಕ್ಕದಾಗಿ ಹರಿದು ಮೂರು ದಿನ ನೆನೆಹಾಕಿ, ದಿನಾ ನೀರು ಬದಲಿಸಿ. 60 ಗ್ರಾಂ ಮೆಂತೆ ಒಂದು ರಾತ್ರಿ ನೆನೆಸಿ. ಎರಡನ್ನೂ ನುಣ್ಣಗೆ ಅರೆದು ಬಟ್ಟೆಯಲ್ಲಿ ಹಿಂಡಿ. ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಬೇಕು. ಕೈಯಲ್ಲಿ ಉರುಳಿಸುವಾಗ ಬಿರುಕು ಕಂಡರೆ ನೀರು ಕಡಿಮೆ, ಕೈಗೆ ಮೆತ್ತಿದರೆ ಹಿಂಡಿದ್ದು ಸಾಲದು.

ಇದು ಒಣಗುವಾಗ ಚೆನ್ನಾಗಿ ಕುಗ್ಗುತ್ತದೆ. ಎಷ್ಟು ಎಂಬುದು ಅರೆದ ನುಣುಪಿನ ಮೇಲೆ ಹೋಗುತ್ತದೆ. ಮೊದಲು ಒಂದೇ ಉಂಡೆ ಮಾಡಿ, ಹಸಿಯಲ್ಲಿ ಅಳೆದು, ಪೂರ್ತಿ ಒಣಗಿದ ಮೇಲೆ ಮತ್ತೆ ಅಳೆಯಿರಿ. 35 ಮಿಲಿಮೀಟರ್ ಇದ್ದದ್ದು 30ಕ್ಕೆ ಇಳಿದರೆ ಉಳಿದ ಕಾರ್ಬನ್‌ಗಳನ್ನೆಲ್ಲ 35ಕ್ಕೇ ಕಟ್ಟಿ. ಹೈಡ್ರೋಜನ್ ಒಣಗಿದ ಮೇಲೆ 20 ಮಿಲಿಮೀಟರ್ ಇರಲಿ. ತೂಕ ಹಾಕಿ ಉಂಡೆ ಕಟ್ಟಿದರೆ ಎಲ್ಲವೂ ಒಂದೇ ಅಳತೆಗೆ ಬರುತ್ತವೆ.

ಕ್ರಿಸ್ಮಸ್ ರಜೆಯಲ್ಲಿ ಮಾಡಿ. ಅಡಿಕೆ ಒಣಗುವ ಬಿಸಿಲಿಗೆ ನಾಲ್ಕೈದು ದಿನ ಸಾಕು. ಹಸಿ ಉಂಡೆಗೆ ತೂತು ಮಾಡಬೇಡಿ, ಕುಗ್ಗುವಾಗ ತೂತು ಓರೆಯಾಗುತ್ತದೆ. ಒಣಗಿದ ಮೇಲೆ ಕೊರೆಯುವುದು.

ಮುಳ್ಳೇರಿಯ

ಕಾರ್ಬನ್ನಿನ ನಾಲ್ಕು ಬಂಧಕ್ಕೆ ಬೇಕಾದ ನಾಲ್ಕು ತೂತಿನ ಜಾಗ ಗುರುತಿಸಲು ಸುಲಭ ಉಪಾಯ: ಉಂಡೆಯ ಸುತ್ತಳತೆಗೆ ಕಾಗದದ ಪಟ್ಟಿ ಕತ್ತರಿಸಿ ಮೂರು ಪಾಲು ಮಾಡಿ. ಒಂದು ಪಾಲಿನಷ್ಟು ದೂರಕ್ಕೆ ಒಂದೊಂದು ತೂತು. ಶಾಸ್ತ್ರೋತ್ಸವದಲ್ಲಿ (ಶಾಲಾ ವಿಜ್ಞಾನ ಮೇಳ) ಸ್ಟಿಲ್ ಮಾಡೆಲ್ (ಚಲಿಸದ ಮಾದರಿ) ಮಾಡುವವರು ಹೀಗೇ ಮಾಡುವುದು.

ಗಣಿತ–ಕುಂಬಳೆ

ಮುಳ್ಳೇರಿಯದವರೇ, ಮೂರನೇ ಒಂದು ಪಾಲು ಎಂದರೆ 120 ಡಿಗ್ರಿ. ಆ ದೂರದಲ್ಲಿ ಉಂಡೆಯ ಮೇಲೆ ಮೂರೇ ಬಿಂದು ಕೂರುತ್ತವೆ, ಅವು ನಡುಪಟ್ಟಿಯಲ್ಲಿ ಒಂದೇ ಸಮತಲದಲ್ಲಿರುತ್ತವೆ. ನಾಲ್ಕನೆಯದಕ್ಕೆ ಜಾಗವೇ ಇಲ್ಲ. ಆಮೇಲೆ ಅದನ್ನು ಮೇಲ್ಗಡೆ ಎಲ್ಲೋ ಚುಚ್ಚಬೇಕಾಗುತ್ತದೆ, ಮೀಥೇನ್ ಮೂರು ಕಾಲಿನ ಸ್ಟೂಲಿಗೆ ಕಂಬ ನೆಟ್ಟ ಹಾಗೆ ಆಗುತ್ತದೆ.

ಬೇಕಾದ್ದು 109.5 ಡಿಗ್ರಿ. ಅಂದರೆ ಸುತ್ತಳತೆಯ 0.304 ಪಾಲು. 30 ಮಿಲಿಮೀಟರ್ ಉಂಡೆಯ ಸುತ್ತಳತೆ 94 ಮಿಲಿಮೀಟರ್, ಮೇಲ್ಮೈಯಲ್ಲಿ ಎರಡು ತೂತಿನ ನಡುವೆ 28.7 ಬರಬೇಕು. ಆದರೆ ಪಟ್ಟಿಗಿಂತ ಕೈವಾರ ಲೇಸು, ಏಕೆಂದರೆ ನಾಲ್ಕು ಬಿಂದುಗಳೂ ಒಂದಕ್ಕೊಂದು ಸಮದೂರ. ಕೈವಾರವನ್ನು ಒಮ್ಮೆ ತೆರೆದರೆ ಮತ್ತೆ ಬದಲಿಸಬೇಕಾಗಿಲ್ಲ.

ಕೈವಾರದ ಅಗಲ = ವ್ಯಾಸದ 0.816 ಪಾಲು. 30 ಮಿಲಿಮೀಟರ್ ಉಂಡೆಗೆ 24.5 ಮಿಲಿಮೀಟರ್. ಉಂಡೆಯ ಮೇಲೆ ಎಲ್ಲಾದರೂ ‘ಕ’ ಗುರುತು ಹಾಕಿ. ಅಲ್ಲಿ ಮುಳ್ಳೂರಿ ಸುತ್ತ ಒಂದು ವೃತ್ತ ಎಳೆಯಿರಿ. ಆ ವೃತ್ತದ ಮೇಲೆ ಎಲ್ಲಾದರೂ ‘ಖ’. ಅದೇ ಅಗಲದಲ್ಲಿ ‘ಖ’ದಿಂದ ಎರಡೂ ಬದಿಗೆ ವೃತ್ತವನ್ನು ಕತ್ತರಿಸಿ, ಅವು ‘ಗ’ ಮತ್ತು ‘ಘ’. ಈಗ ‘ಗ’ದಲ್ಲಿ ಮುಳ್ಳಿಟ್ಟು ನೋಡಿ. ಪೆನ್ಸಿಲ್ ‘ಘ’ದ ಮೇಲೆ ಸರಿಯಾಗಿ ಕೂತರೆ ಕೆಲಸ ಮುಗಿಯಿತು.

ಕೂರದಿದ್ದರೆ ತಪ್ಪು ಯಾವ ಕಡೆಗೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ‘ಗ’–‘ಘ’ ದೂರ ಹೆಚ್ಚಿದ್ದರೆ ಕೈವಾರವನ್ನು ತುಸು ಅಗಲಿಸಿ. ಕಡಿಮೆ ಇದ್ದರೆ ತುಸು ಕುಗ್ಗಿಸಿ. ವ್ಯಾಸ ಅಳೆಯದೆಯೂ ಎರಡು ಮೂರು ಪ್ರಯತ್ನದಲ್ಲಿ ಸರಿಯಾದ ಅಗಲ ಸಿಗುತ್ತದೆ. ಒಂಬತ್ತನೇ ತರಗತಿ ಮಕ್ಕಳು ಇದನ್ನು ತಾವೇ ಮಾಡಬಲ್ಲರು, ಗಣಿತದ ಪೀರಿಯಡಿನಲ್ಲಿ ಮಾಡಿಸಿದರೂ ನಷ್ಟವಿಲ್ಲ.

ಮುಳ್ಳೇರಿಯ

ಹೌದು, ಒಪ್ಪಿದೆ. ನಾಲ್ಕನೆಯದು ಯಾವಾಗಲೂ ಓರೆ ಬೀಳುತ್ತಿದ್ದದ್ದು ಇದಕ್ಕೇ. ಕೈವಾರದ ಮುಳ್ಳು ಜಾರದಂತೆ ‘ಕ’ದಲ್ಲಿ ಮೊದಲು ದಬ್ಬಣದಿಂದ ಚಿಕ್ಕ ಕುಳಿ ಮಾಡಿಕೊಳ್ಳಬೇಕು.

ಪೆರ್ಲ ಲ್ಯಾಬ್

ಗುರುತು ಸರಿಯಿದ್ದೂ ಕೊರೆಯುವಾಗ ಕೆಡುವುದು ಹೆಚ್ಚು. ತೂತು ಉಂಡೆಯ ನಡುಬಿಂದುವಿನ ಕಡೆಗೆ ಹೋಗಬೇಕು. ಮುಕ್ಕಾಲು ಇಂಚಿನ ಪಿವಿಸಿ ಪೈಪಿನ ಎರಡು ಇಂಚು ತುಂಡನ್ನು ಮರದ ಹಲಗೆಗೆ ನೆಟ್ಟಗೆ ಅಂಟಿಸಿ. ಅದರ ಬಾಯಿಯ ಮೇಲೆ ಉಂಡೆ ಕೂರಿಸಿ, ಗುರುತು ತುದಿಗೆ ಬರುವಂತೆ ತಿರುಗಿಸಿ. ಈಗ ಡ್ರಿಲ್ ನೇರ ಕೆಳಗಿಳಿದರೆ ನಡುಬಿಂದುವಿಗೇ ಹೋಗುತ್ತದೆ. ಹ್ಯಾಂಡ್ ಡ್ರಿಲ್ಲಿಗೆ 3 ಮಿಲಿಮೀಟರ್ ಬಿಟ್ ಹಾಕಿ, ತುದಿಯಿಂದ 8 ಮಿಲಿಮೀಟರ್ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ. ಟೇಪ್ ಮುಟ್ಟಿದಾಗ ನಿಲ್ಲಿಸಿದರೆ ಎಲ್ಲ ತೂತೂ ಒಂದೇ ಆಳ.

ಕಡ್ಡಿಗೆ ಹಿಡಿಸೂಡಿ (ತೆಂಗಿನಗರಿ ಪೊರಕೆ) ಕಡ್ಡಿ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಅದು ಬುಡದಲ್ಲಿ ದಪ್ಪ, ತುದಿಯಲ್ಲಿ ಸಪೂರ, ಹಾಗಾಗಿ ಒಂದು ತೂತಿಗೆ ಬಿಗಿ, ಇನ್ನೊಂದಕ್ಕೆ ಸಡಿಲ. 3 ಮಿಲಿಮೀಟರ್ ಬಿದಿರಿನ ಕಡ್ಡಿ, ಕಬಾಬಿಗೆ ಬಳಸುವಂಥದ್ದು, ಅಂಗಡಿಯಲ್ಲಿ ಕಟ್ಟಿನಲ್ಲಿ ಸಿಗುತ್ತದೆ.

ಉದ್ದಕ್ಕೆ ಲೆಕ್ಕ ಬೇಕು. 100 ಪಿಕೋಮೀಟರಿಗೆ (ಪಿಕೋಮೀಟರ್ ಎಂದರೆ ಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು) 3 ಸೆಂಟಿಮೀಟರ್ ಎಂದು ಹಿಡಿದರೆ:

ಕಾರ್ಬನ್–ಕಾರ್ಬನ್ ಏಕಬಂಧ 154 ಪಿಕೋಮೀಟರ್, ಕೇಂದ್ರದಿಂದ ಕೇಂದ್ರಕ್ಕೆ 46 ಮಿಲಿಮೀಟರ್. ಎರಡು ಉಂಡೆಯ ತ್ರಿಜ್ಯ 15+15 ಕಳೆದು, ತೂತಿನೊಳಗೆ ಹೋಗುವ 8+8 ಕೂಡಿಸಿದರೆ ಕಡ್ಡಿ 32 ಮಿಲಿಮೀಟರ್.

ಕಾರ್ಬನ್–ಹೈಡ್ರೋಜನ್ 109 ಪಿಕೋಮೀಟರ್, ಅಂದರೆ 33. ಅದರಿಂದ 15+10 ಕಳೆದು 16 ಕೂಡಿಸಿದರೆ 24 ಮಿಲಿಮೀಟರ್.

ಎರಡೂ ಬಗೆಯ ಕಡ್ಡಿಯ ಬುಡಕ್ಕೆ ಬೇರೆ ಬೇರೆ ಬಣ್ಣ ಹಚ್ಚಿ, ಇಲ್ಲದಿದ್ದರೆ ಮಕ್ಕಳು ಕಲಸಿಬಿಡುತ್ತಾರೆ. ದ್ವಿಬಂಧಕ್ಕೆ ಬಿದಿರು ಬಾಗದು. ಸೈಕಲ್ ವಾಲ್‌ಟ್ಯೂಬಿನ ಎರಡು ತುಂಡನ್ನು ಎರಡು ತೂತಿನಿಂದ ಎರಡು ತೂತಿಗೆ ಬಿಲ್ಲಿನಂತೆ ಬಾಗಿಸಿ ಹಾಕಿ, ಟ್ಯೂಬಿನ ಎರಡು ತುದಿಗೂ ಕಡ್ಡಿಯ ಗಿಡ್ಡ ತುಂಡು ತುರುಕಿ. ಎಥೀನ್ ಮಾಡಿ ತಿರುಗಿಸಲು ಹೇಳಿ. ಏಕಬಂಧ ಸಲೀಸಾಗಿ ತಿರುಗುತ್ತದೆ, ಇದು ತಿರುಗದು. ಅದನ್ನು ಬಾಯಲ್ಲಿ ಹೇಳುವ ಅಗತ್ಯವೇ ಬೀಳುವುದಿಲ್ಲ.

ಮಂಜೇಶ್ವರ ಟೀಚರ್

ಉಪಕಾರ. ಮಾಡಿದ್ದು ಸರಿಯಿದೆಯೋ ಎಂದು ಮಕ್ಕಳೇ ಪರೀಕ್ಷಿಸುವ ಬಗೆ ಉಂಟೇ? 9 ಗುಂಪಿಗೆ ಐದರಂತೆ 45 ಕಾರ್ಬನ್‌ಗಳನ್ನು ಒಬ್ಬರೇ ಕೂತು ನೋಡಲಾಗದು.

ಗಣಿತ–ಕುಂಬಳೆ

ಉಂಟು. ಪೆರ್ಲದವರ ಅಳತೆಯಲ್ಲಿ ಮೀಥೇನಿನ ಎರಡು ಹೈಡ್ರೋಜನ್ ಕೇಂದ್ರಗಳ ನಡುವೆ 33ರ 1.633 ಪಟ್ಟು, ಅಂದರೆ 54 ಮಿಲಿಮೀಟರ್ ಬರಬೇಕು. ಕಾಗದದಲ್ಲಿ 54 ಮಿಲಿಮೀಟರ್ ಬಾಹುವಿನ ಸಮಬಾಹು ತ್ರಿಭುಜ ಎಳೆಯಿರಿ. ಮೀಥೇನನ್ನು ಮೂರು ಹೈಡ್ರೋಜನಿನ ಮೇಲೆ ನಿಲ್ಲಿಸಿದರೆ ಮೂರೂ ಮೂಲೆಗೆ ಕೂರಬೇಕು, ನಾಲ್ಕನೆಯದು ನೆಟ್ಟಗೆ ಮೇಲಕ್ಕೆ ನೋಡಬೇಕು. ನಾಲ್ಕು ಸಲ, ಪ್ರತಿ ಸಲ ಬೇರೆ ಮೂರರ ಮೇಲೆ ನಿಲ್ಲಿಸಿ. ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದ ಉಂಡೆ ಆಕ್ಸಿಜನಿಗೆ ಕೊಡಿ, ಅದಕ್ಕೆ ಎರಡೇ ತೂತು ಬಳಕೆಗೆ ಬರುವುದು.

ಆಕೃತಿ ಮನಸ್ಸಿಗೆ ಕೂರಲು ಟಪಾಲು ಕವರ್ ಸಾಕು. ಕವರಿನ ಬಾಯಿ ಅಂಟಿಸಿ. ಗಿಡ್ಡ ಬದಿ 10 ಸೆಂಟಿಮೀಟರ್ ಇದ್ದರೆ ಅಲ್ಲಿಂದ 8.7 ಸೆಂಟಿಮೀಟರಿಗೆ ಅಡ್ಡ ಕತ್ತರಿಸಿ. ಕತ್ತರಿಸಿದ ಅಂಚಿನ ನಡುವಿನಿಂದ ಕೆಳಗಿನ ಎರಡು ಮೂಲೆಗೆ ಗೆರೆ ಎಳೆದು ಹಿಂದಕ್ಕೂ ಮುಂದಕ್ಕೂ ಮಡಚಿ. ತೆರೆದ ಬಾಯನ್ನು ಕೆಳಗಿನ ಅಂಚಿಗೆ ಅಡ್ಡಲಾಗಿ ಒತ್ತಿ ಅಂಟಿಸಿದರೆ ಚತುರ್ಮುಖಿ. ಕಾರ್ಬನ್ ಒಳಗೆ ನಡುವಿನಲ್ಲಿ, ಹೈಡ್ರೋಜನ್ ನಾಲ್ಕು ಮೂಲೆಯಲ್ಲಿ.

ಹೊಸದುರ್ಗ ಪ್ಲಸ್ ಟು

ಇಷ್ಟು ಕಷ್ಟಪಟ್ಟು ಕೋನ ಸರಿ ಮಾಡಿದ ಮೇಲೆ ಅದರಿಂದ ಏನು ಸಿಗುತ್ತದೆ ಎಂಬುದನ್ನು ಮೊದಲ ಪಾಠದಲ್ಲೇ ಮಕ್ಕಳಿಗೆ ಕಾಣಿಸಬೇಕು. ಇಲ್ಲದಿದ್ದರೆ ಬೋರ್ಡಿನ ಕೂಡುಚಿಹ್ನೆಯಂಥ ಮೀಥೇನೇ ತಲೆಯಲ್ಲಿ ಉಳಿಯುತ್ತದೆ. ಅಣುಮಾದರಿಯ ಚರಿತ್ರೆಯೂ ಅಲ್ಲಿಂದಲೇ ಶುರು. 1865ರಲ್ಲಿ ರಸಾಯನಶಾಸ್ತ್ರಜ್ಞ ಹಾಫ್‌ಮನ್ ಲಂಡನ್ನಿನ ಉಪನ್ಯಾಸದಲ್ಲಿ ಕ್ರೋಕೆ ಆಟದ ಚೆಂಡುಗಳಿಂದ ಮಾದರಿ ತೋರಿಸಿದಾಗ ಕಾರ್ಬನ್ ಕಪ್ಪು, ಹೈಡ್ರೋಜನ್ ಬಿಳಿ, ಆಕ್ಸಿಜನ್ ಕೆಂಪು, ನೈಟ್ರೋಜನ್ ನೀಲಿ, ಕ್ಲೋರಿನ್ ಹಸಿರು ಇತ್ತು. ಅದೇ ಬಣ್ಣ ಇವತ್ತಿಗೂ ನಡೆಯುತ್ತಿದೆ. ಆದರೆ ಅವರ ಮೀಥೇನ್ ಚಪ್ಪಟೆ. ವಾಂಟ್ ಹಾಫ್ ಮತ್ತು ಲೆ ಬೆಲ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಬೇರೆ ಬೇರೆಯಾಗಿ ನಾಲ್ಕು ದಿಕ್ಕಿನ ಕಾರ್ಬನ್ ಮುಂದಿಟ್ಟದ್ದು 1874ರಲ್ಲಿ.

ತರಗತಿಗೆ ಹೀಗೆ ಮಾಡಿಸಿ. ಪ್ರತಿ ಗುಂಪು ಮೊದಲು ಕಾಗದದ ಮೇಲೆ ಡೈಕ್ಲೋರೋಮೀಥೇನ್ (ಮೀಥೇನಿನ ಎರಡು ಹೈಡ್ರೋಜನ್ ಜಾಗದಲ್ಲಿ ಕ್ಲೋರಿನ್) ಬಿಡಿಸಲಿ. ಎರಡು ಕ್ಲೋರಿನ್ ಪಕ್ಕಪಕ್ಕ ಇದ್ದರೆ ಒಂದು, ಎದುರುಬದುರು ಇದ್ದರೆ ಇನ್ನೊಂದು, ಒಟ್ಟು ಎರಡು ಪದಾರ್ಥ ಎಂದು ಬರೆಯುತ್ತಾರೆ. ಬರೆಯಲಿ. ಈಗ ಮಾದರಿಯಲ್ಲಿ ಆ ಎರಡನ್ನೂ ಕಟ್ಟಲು ಹೇಳಿ. ಪಕ್ಕದ್ದು ಮತ್ತು ಎದುರಿನದು ಒಂದೇ ಎಂದು ಕೈಗೆ ಗೊತ್ತಾಗುತ್ತದೆ, ಹೇಗೆ ತಿರುಗಿಸಿದರೂ ಎರಡನೆಯದು ಹುಟ್ಟುವುದಿಲ್ಲ. ಲೋಕದಲ್ಲಿಯೂ ಡೈಕ್ಲೋರೋಮೀಥೇನ್ ಒಂದೇ. ಕಾರ್ಬನ್ ಚಪ್ಪಟೆ ಆಗಿದ್ದರೆ ಎರಡು ಸಿಗಬೇಕಿತ್ತು. ರಸಾಯನಶಾಸ್ತ್ರಜ್ಞರು ಪರಮಾಣುವನ್ನು ಕಣ್ಣಿಂದ ನೋಡದೆಯೇ ಅದರ ಆಕಾರ ಊಹಿಸಿದ್ದು ಇಂಥ ಎಣಿಕೆಯಿಂದ. ಹತ್ತು ನಿಮಿಷದ ಈ ಕೆಲಸಕ್ಕಾಗಿಯೇ ಮಾದರಿ ಮಾಡಬಹುದು ಎಂಬಷ್ಟು ಬೆಲೆ ಇದಕ್ಕೆ ಉಂಟು.

ತೂತು ಓರೆಯಾದ ಉಂಡೆ ಇಲ್ಲಿಯೇ ಕೈಕೊಡುತ್ತದೆ. ಕಾರ್ಬನ್ ಸರಿಯಿಲ್ಲದಿದ್ದರೆ ನಿಜವಾಗಿಯೂ ಎರಡು ಬೇರೆ ಆಕಾರ ಬರುತ್ತವೆ, ಮಕ್ಕಳು ತಪ್ಪನ್ನೇ ಕಲಿಯುತ್ತಾರೆ.

ಬದಿಯಡ್ಕ ಮಾಷ್ಟ್ರು

ಐಸೋಮರ್ ಪಾಠಕ್ಕೆ ಸೆಟ್ಟಿನ ಲೆಕ್ಕ: ನಾಲ್ಕು ಮಕ್ಕಳ 9 ಗುಂಪು. ಪೆಂಟೇನಿಗೆ ಕಾರ್ಬನ್ 5, ಹೈಡ್ರೋಜನ್ 12, ಕಡ್ಡಿ 4+12. ಇದರ ಜೊತೆ ಆಕ್ಸಿಜನ್ 1, ಕ್ಲೋರಿನ್ 2. ಒಟ್ಟು ಗುಂಪಿಗೆ 20 ಉಂಡೆ, ತರಗತಿಗೆ 180. ಕಡ್ಡಿ ಗುಂಪಿಗೆ 20 ಇರಲಿ, ನಾಲ್ಕು ಕಳೆದುಹೋಗುತ್ತವೆ.

ಪೆಂಟೇನಿನ ಮೂರು ಐಸೋಮರ್‌ಗಳನ್ನು ಒಂದೇ ಗುಂಪು ಒಟ್ಟಿಗೆ ಕಟ್ಟಲಾಗದು. ಮೂರು ಗುಂಪನ್ನು ಹತ್ತಿರ ಕೂರಿಸಿ, ಒಂದೊಂದು ಒಂದೊಂದನ್ನು ಕಟ್ಟಲಿ. ಮಕ್ಕಳು ಮಾಡುವ ದೊಡ್ಡ ತಪ್ಪು ಇಲ್ಲಿ ಬರುತ್ತದೆ: ಸರಪಳಿ ಬಾಗಿದ್ದನ್ನು ಹೊಸ ಐಸೋಮರ್ ಎಂದು ಎಣಿಸುವುದು. ಪುಸ್ತಕದಲ್ಲಿ ಮೂಲೆ ತಿರುಗಿಸಿ ಬರೆದ ಐದು ಕಾರ್ಬನ್ ಅವರಿಗೆ ನಾಲ್ಕನೆಯ ಪೆಂಟೇನ್. ಕೈಗೆ ಕೊಟ್ಟು “ಕಡ್ಡಿ ಕೀಳದೆ ನೆಟ್ಟಗೆ ಮಾಡು” ಎನ್ನಿ. ಕೀಳದೆ ಆದರೆ ಅದೇ ಅಣು, ಕಿತ್ತರೆ ಮಾತ್ರ ಬೇರೆ ಅಣು. ಈ ಒಂದು ನಿಯಮ ಪರೀಕ್ಷೆ ಕೋಣೆಯವರೆಗೂ ಜೊತೆಗಿರುತ್ತದೆ.

ಮೂರೂ ಮೇಜಿನ ಮೇಲಿರುವಾಗ ಕುದಿಬಿಂದು ಬೋರ್ಡಿಗೆ ಬರೆಯಿರಿ: ಪೆಂಟೇನ್ 36, 2-ಮೀಥೈಲ್‌ಬ್ಯುಟೇನ್ 28, 2,2-ಡೈಮೀಥೈಲ್‌ಪ್ರೊಪೇನ್ 9.5 ಡಿಗ್ರಿ ಸೆಲ್ಸಿಯಸ್. ಪೆಂಟೇನ್‌ಗಳೆರಡನ್ನು ಉದ್ದುದ್ದಕ್ಕೆ ಒತ್ತಿ ಹಿಡಿಯಲು ಹೇಳಿ, ಆಮೇಲೆ ಉರುಟಾದ ಎರಡನ್ನು. ತಾಗುವ ಜಾಗ ಎಷ್ಟು ಕಡಿಮೆ ಎಂಬುದು ಅವರಿಗೇ ಕಾಣುತ್ತದೆ. ತಾಗುವುದು ಕಡಿಮೆಯಾದರೆ ಅಣುಗಳ ನಡುವಿನ ಎಳೆತ ಕಡಿಮೆ, ಬೇಗ ಆವಿ. ಎಥನಾಲ್ 78 ಡಿಗ್ರಿಯಲ್ಲಿ ಕುದಿಯುತ್ತದೆ, ಡೈಮೀಥೈಲ್ ಈಥರ್ –24ರಲ್ಲಿ; ಇವೆರಡಕ್ಕೂ 2 ಕಾರ್ಬನ್, 6 ಹೈಡ್ರೋಜನ್, 1 ಆಕ್ಸಿಜನ್, 8 ಕಡ್ಡಿ. ಒಂದನ್ನು ಬಿಚ್ಚಿ ಅದೇ ಉಂಡೆಗಳಿಂದ ಇನ್ನೊಂದನ್ನು ಕಟ್ಟಿಸಿ.

ಮಂಜೇಶ್ವರ ಟೀಚರ್

‘ಕಿತ್ತರೆ ಬೇರೆ ಅಣು’ ಎಂಬ ನಿಯಮ ತುಂಬ ಹಿಡಿಸಿತು. ಒಂದು ಸಂಶಯ: ಕಡ್ಡಿ ಕಿತ್ತಾಗ ಶಕ್ತಿ ಹೊರಬರುತ್ತದೆ ಎಂದು ಮಕ್ಕಳು ಹೇಳುತ್ತಾರೆ. ಮಾದರಿಯೇ ಆ ತಪ್ಪನ್ನು ಬೆಳೆಸುತ್ತದೆಯೇ?

ಹೊಸದುರ್ಗ ಪ್ಲಸ್ ಟು

ಸಡಿಲ ಕಡ್ಡಿ ಬೆಳೆಸುತ್ತದೆ, ಬಿಗಿ ಕಡ್ಡಿ ತಿದ್ದುತ್ತದೆ. ಕೀಳಲು ಬಲ ಹಾಕಬೇಕಾದದ್ದು ಯಾರು ಎಂದು ಕೇಳಿ. ಬಂಧ ಮುರಿಯಲು ಶಕ್ತಿ ಕೊಡಬೇಕು, ಬಂಧ ಕೂಡಿದಾಗ ಶಕ್ತಿ ಹೊರಬೀಳುತ್ತದೆ. ಕೂಡುವಾಗಿನದ್ದನ್ನು ಕಡ್ಡಿ ತೋರಿಸದು. ಎರಡು ಚಿಕ್ಕ ಅಯಸ್ಕಾಂತ ಹತ್ತಿರ ತಂದು ‘ಟಕ್’ ಎಂದು ಅಂಟುವ ಸದ್ದು ಕೇಳಿಸಿ. ಸದ್ದು ಹೊರಬಂದ ಶಕ್ತಿಯೇ. ಆಮೇಲೆ ಲೆಕ್ಕ: ಹೈಡ್ರೋಜನ್ ಅಣು ಮುರಿಯಲು ಮೋಲಿಗೆ 436 ಕಿಲೋಜೂಲ್, ಕ್ಲೋರಿನ್ ಅಣುವಿಗೆ 242, ಒಟ್ಟು 678. ಎರಡು ಹೈಡ್ರೋಜನ್ ಕ್ಲೋರೈಡ್ ಕೂಡಿದಾಗ 431ರಂತೆ 862 ಹೊರಬರುತ್ತದೆ. ಉಳಿಕೆ 184. ಕ್ರಿಯೆ ಬಿಸಿಯಾಗುವುದು ಈ ಉಳಿಕೆಯಿಂದ.

ಇನ್ನೊಂದು ಮಾತು. ಉಂಡೆಗಳ ನಡುವೆ ಖಾಲಿ ಜಾಗ ಬಿಟ್ಟು ಕಡ್ಡಿ ಹಾಕಿದ್ದು ನಮ್ಮ ಅನುಕೂಲಕ್ಕೆ. ನಿಜದ ಅಣುವಿನಲ್ಲಿ ಎಲೆಕ್ಟ್ರಾನ್ ಮೋಡಗಳು ಒಂದರೊಳಗೊಂದು ಹೊಕ್ಕಿರುತ್ತವೆ. ಇದನ್ನು ಒಂದು ಸಲವಾದರೂ ಬಾಯಿಬಿಟ್ಟು ಹೇಳಲೇಬೇಕು.

ಪೆರ್ಲ ಲ್ಯಾಬ್

ಕಡ್ಡಿಯ ಅಪಾಯ ಅಡುಗೆ ಉಪ್ಪಿನಲ್ಲಿ (ಸೋಡಿಯಮ್ ಕ್ಲೋರೈಡ್) ಇನ್ನೂ ಹೆಚ್ಚು. 3×3×3ರ 27 ಉಂಡೆಯ ಜಾಲಕ್ಕೆ 54 ಕಡ್ಡಿ ಹಾಕಿದರೆ, ನಡುವಿನ ಸೋಡಿಯಮ್‌ಗೆ ಆರು ಬಂಧ ಎಂದು ಮಕ್ಕಳು ಬರೆಯುತ್ತಾರೆ. ಅಲ್ಲಿ ಕಡ್ಡಿ ಬೇಡವೇ ಬೇಡ, ಒಂದಕ್ಕೊಂದು ತಾಗಿಸಿ ಅಂಟಿಸಿ. ಸೋಡಿಯಮ್ ಅಯಾನಿನ (ವಿದ್ಯುದಾವೇಶ ಇರುವ ಪರಮಾಣು) ತ್ರಿಜ್ಯ 102, ಕ್ಲೋರೈಡಿನದು 181 ಪಿಕೋಮೀಟರ್. ಉಂಡೆಯ ವ್ಯಾಸ 20 ಮತ್ತು 36 ಮಿಲಿಮೀಟರ್ ಇಟ್ಟರೆ ಪ್ರಮಾಣ ಸರಿ. ಚಿಕ್ಕದು ದೊಡ್ಡವನ್ನು ತಾಗುತ್ತದೆ, ದೊಡ್ಡವು ತಮ್ಮೊಳಗೆ ತಾಗುವುದಿಲ್ಲ.

ಮೂಲೆಯಲ್ಲಿ ಕ್ಲೋರೈಡ್ ಇಟ್ಟರೆ ಕ್ಲೋರೈಡ್ 14, ಸೋಡಿಯಮ್ 13. “ಸೋಡಿಯಮ್ ಒಂದಕ್ಕೆ ಕ್ಲೋರೈಡ್ ಒಂದು ಅಂತ ಹೇಳಿದ್ದೀರಲ್ಲ ಟೀಚರ್?” ಎಂದು ಯಾರಾದರೂ ಕೇಳುತ್ತಾರೆ, ಕೇಳಲಿ. ಹರಳಿನಲ್ಲಿ ಇಂಥ ಘನಗಳು ಎಲ್ಲ ಕಡೆಗೂ ಮುಂದುವರಿಯುವುದರಿಂದ ಮೂಲೆಯ ಉಂಡೆಯನ್ನು ಎಂಟು ಘನಗಳು ಹಂಚಿಕೊಳ್ಳುತ್ತವೆ, ಮುಖದ ನಡುವಿನದನ್ನು ಎರಡು, ಅಂಚಿನದನ್ನು ನಾಲ್ಕು. ಕ್ಲೋರೈಡ್ 8/8 + 6/2 = 4. ಸೋಡಿಯಮ್ 12/4 + 1 = 4. ಈ ಜಾಲದಲ್ಲಿ ಬಿಡಿ ಜೋಡಿ ಎಂಬುದೇ ಇಲ್ಲ, ಹಾಗಾಗಿ ಸೋಡಿಯಮ್ ಕ್ಲೋರೈಡ್ ‘ಅಣು’ ಎಂಬ ಮಾತನ್ನೇ ಬಳಸಬೇಡಿ.

ಮುಳ್ಳೇರಿಯ

ಆ ಮಾತಿಗೆ ಸಂಬಂಧಿಸಿ: ನಮ್ಮ ಮಕ್ಕಳಿಗೆ ಅಣು–ಪರಮಾಣು ಗೊಂದಲ ಜಾಸ್ತಿ. ‘ಅಣುಬಾಂಬ್’, ‘ಅಣುಸ್ಥಾವರ’ ಎಂದು ಪತ್ರಿಕೆ ಬರೆಯುವುದು ಪರಮಾಣುವಿನ ಬಗ್ಗೆ. ಜೊತೆಗೆ ಪಕ್ಕದ ಡಿವಿಷನ್ನಿನ ಮಲಯಾಳ ಮಾಧ್ಯಮದವರು ನಮ್ಮ ಅಣುವಿಗೆ ‘ತನ್ಮಾತ್ರ’ ಎನ್ನುತ್ತಾರೆ. ಸೆಟ್ಟಿನ ಡಬ್ಬಿಯ ಮುಚ್ಚಳದಲ್ಲೇ ಬರೆದುಬಿಡಿ: ಬಿಡಿ ಉಂಡೆ ಪರಮಾಣು, ಕಟ್ಟಿದ್ದು ಅಣು.

ಗಣಿತ–ಕುಂಬಳೆ

ವಿಷಯ ಸ್ವಲ್ಪ ಬದಿಗೆ ಹೋದರೂ ಹೇಳುತ್ತೇನೆ, ಎಲೆಕ್ಟ್ರಾನ್ ವಿನ್ಯಾಸಕ್ಕೆ (ಪರಮಾಣುವಿನಲ್ಲಿ ಎಲೆಕ್ಟ್ರಾನ್ ತುಂಬುವ ಕ್ರಮ) ಮೊಟ್ಟೆ ಟ್ರೇ ಬಲು ಚೆನ್ನ. 30 ಕುಳಿ, ಆರು ಸಾಲಿನಲ್ಲಿ ಐದೈದು. ಒಂದು ಕುಳಿ ಎಂದರೆ ಎಲೆಕ್ಟ್ರಾನ್ ಕೂರುವ ಒಂದು ಜಾಗ (ಕಕ್ಷಕ), ಒಂದು ಕಾಳು ಎಂದರೆ ಒಂದು ಎಲೆಕ್ಟ್ರಾನ್; ಎಸ್, ಪಿ, ಡಿ ಕವಚದೊಳಗಿನ ಉಪಕವಚಗಳು. ಮೊದಲ ಸಾಲಿಗೆ 1ಎಸ್, ಎರಡನೆಯದಕ್ಕೆ 2ಎಸ್ ಮತ್ತು 2ಪಿ, ಮೂರನೆಯದಕ್ಕೆ 3ಎಸ್ ಮತ್ತು 3ಪಿ, ನಾಲ್ಕನೆಯದಕ್ಕೆ 4ಎಸ್, ಐದನೆಯದಕ್ಕೆ 3ಡಿ, ಆರನೆಯದಕ್ಕೆ 4ಪಿ. ಡಿ ಉಪಕವಚದ ಐದು ಕಕ್ಷಕ ಒಂದು ಸಾಲನ್ನು ಸರಿಯಾಗಿ ತುಂಬುತ್ತದೆ. ಉಳಿದ ಕುಳಿಗಳಿಗೆ ಕಾಗದ ಅಂಟಿಸಿ ಮುಚ್ಚಿ. ಬಳಕೆಗೆ 18 ಕುಳಿ, ಕುಳಿಗೆರಡು ಕಾಳು, 36, ಅಂದರೆ ಕ್ರಿಪ್ಟಾನ್‌ವರೆಗೆ. ಒಂದು ಹೆಸರುಕಾಳು, ಒಂದು ಹುರುಳಿ ಇಟ್ಟರೆ ಜೋಡಿ ಎಲೆಕ್ಟ್ರಾನಿನ ವಿರುದ್ಧ ಸ್ಪಿನ್ ಕೂಡ ಬಂತು. ಪಿ ಮತ್ತು ಡಿ ಕುಳಿಗಳಲ್ಲಿ ಮೊದಲು ಒಂದೊಂದು ಹಾಕಿ, ಆಮೇಲೆ ಜೋಡಿ.

ಎಡವುವ ಜಾಗ ಕಬ್ಬಿಣ. 26 ಕಾಳು ತುಂಬಿದರೆ 4ಎಸ್‌ನಲ್ಲಿ 2, 3ಡಿಯಲ್ಲಿ 6. ಅಯಾನ್ ಮಾಡಲು ಹೇಳಿದರೆ ಮಕ್ಕಳು ಕೊನೆಗೆ ಹಾಕಿದ 3ಡಿ ಕಾಳನ್ನೇ ತೆಗೆಯುತ್ತಾರೆ. ತೆಗೆಯಬೇಕಾದ್ದು ಹೊರಗಿನ ಕವಚದ 4ಎಸ್ ಕಾಳುಗಳನ್ನು. ಎರಡು ತೆಗೆದರೆ 3ಡಿಯಲ್ಲಿ 6, ಇನ್ನೊಂದು ತೆಗೆದರೆ 5. ‘ತುಂಬುವ ಸಾಲು ಬೇರೆ, ಖಾಲಿ ಮಾಡುವ ಸಾಲು ಬೇರೆ’ ಎಂದು ಟ್ರೇ ಮೇಲೆಯೇ ಬರೆದಿಡಿ.

ಮಂಜೇಶ್ವರ ಟೀಚರ್

ಕೊನೆಯದಾಗಿ ಬಣ್ಣ ಮತ್ತು ಮಳೆಗಾಲ. ಪೇಪರ್ ಉಂಡೆಗೆ ಹುಳ ಬಾರದ ಹಾಗೆ ಮೈಲುತುತ್ತು ಸೇರಿಸಬಹುದೇ?

ಬದಿಯಡ್ಕ ಮಾಷ್ಟ್ರು

ಬೇಡ ಟೀಚರ್. ಬೈಂಡಿಂಗ್ ಅಂಟಿಗೆ ತುತ್ತು ಹಾಕುವ ರೂಢಿ ಉಂಟು, ತೋಟಕ್ಕೆ ಬೋರ್ಡೋ (ತುತ್ತು–ಸುಣ್ಣದ ದ್ರಾವಣ) ಬಿಡುವ ಮನೆಗಳಲ್ಲಿ ಅದು ಕೈಗೆಟುಕುವಲ್ಲೇ ಇರುತ್ತದೆ. ಆದರೆ ಅದು ವಿಷ, ಮಕ್ಕಳು ಕೈಯಲ್ಲಿ ಹಿಡಿದು ಅದೇ ಕೈಯಲ್ಲಿ ಊಟಕ್ಕೆ ಕೂರುತ್ತಾರೆ. ಮೆಂತೆಯ ಕಹಿ ಸ್ವಲ್ಪ ತಡೆಯುತ್ತದೆ, ಉಳಿದದ್ದು ಬಣ್ಣ ತಡೆಯುತ್ತದೆ. ತೂತು ಕೊರೆದ ಮೇಲೆ ಒಂದು ಕೋಟ್ ಪ್ರೈಮರ್, ಎರಡು ಕೋಟ್ ಅಕ್ರಿಲಿಕ್. ಹಚ್ಚುವಾಗ ತೂತಿಗೆ ಕಡ್ಡಿ ಸಿಕ್ಕಿಸಿಯೇ ಇರಲಿ, ಬಣ್ಣ ಒಳಗೆ ಹೋದರೆ ತೂತು ಕಿರಿದಾಗುತ್ತದೆ. ಥರ್ಮೊಕೋಲ್ ಉಂಡೆ ಬಳಸುವವರು ಥಿನ್ನರ್ ಸೇರಿದ ಬಣ್ಣ ಮುಟ್ಟಿಸಬಾರದು, ಉಂಡೆ ಕರಗಿ ಕುಳಿ ಬೀಳುತ್ತದೆ.

ಕೆಂಪು–ಹಸಿರು ಗುರುತಿಸಲಾಗದ ಮಕ್ಕಳು ಆಕ್ಸಿಜನ್ ಮತ್ತು ಕ್ಲೋರಿನ್ ಅದಲುಬದಲು ಮಾಡುತ್ತಾರೆ. ಕ್ಲೋರಿನ್‌ಗೆ ಸುತ್ತ ಒಂದು ಗೀರು ಹಾಕಿ, ಬೆರಳಿಗೇ ಗೊತ್ತಾಗಲಿ.

ಮೇ ಕೊನೆಗೆ ಒಮ್ಮೆ ಬಿಸಿಲಿಗೆ ಹಾಕಿ, ಬಿಗಿ ಮುಚ್ಚಳದ ಬಿಸ್ಕೆಟ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಎರಡು ಇಟ್ಟು ಮುಚ್ಚಿ. ಬಿದಿರಿನ ಕಡ್ಡಿ ಮಳೆಗಾಲದಲ್ಲಿ ಉಬ್ಬಿ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಪಾಠ ಮುಗಿದ ದಿನವೇ ಎಲ್ಲ ಬಿಚ್ಚಿಸಿ, ಕಡ್ಡಿಯನ್ನು ಬೇರೆ ಡಬ್ಬಿಗೆ ಹಾಕಿಸಿ. ಎಳೆಯಲು ಬಾರದಿದ್ದರೆ ತಿರುಚಿ ತೆಗೆಯಬೇಕು, ಅಲ್ಲಾಡಿಸಿದರೆ ತೂತು ಹಿಗ್ಗುತ್ತದೆ.

ಪೆರ್ಲ ಲ್ಯಾಬ್

ಹಿಗ್ಗಿದ ತೂತಿಗೆ: ಫೆವಿಕೋಲ್ ಮತ್ತು ನುಣ್ಣನೆ ಮರದ ಹುಡಿ ಕಲಸಿ ತುಂಬಿ, ಒಂದು ದಿನ ಒಣಗಿಸಿ, ಅದೇ ಪೈಪಿನ ಮೇಲಿಟ್ಟು ಮತ್ತೆ 3 ಮಿಲಿಮೀಟರಿಗೆ ಕೊರೆಯಿರಿ. ಉಂಡೆ ಎಸೆಯಬೇಕಾಗಿಲ್ಲ.